ಯಂತ್ರವಿದ್ಯೆಯೂ ಕಾಯಕದ ಸಮತೆಯೂ

ಶಿವಶರಣರು ಲೋಕಕ್ಕೆ ಕೊಟ್ಟ ತತ್ತ್ವಗಳಲ್ಲಿ ಕಾಯಕತತ್ತ್ವವು ನುಡಿಯುವುದಕ್ಕೆ ಅತ್ಯಂತ ಸುಲಭವಾದುದು, ನಡೆಯುವುದಕ್ಕೆ ಅತ್ಯಂತ ಕಠಿನವಾದುದು. ಬಸವ ಜಯಂತಿಯ ದಿನ ಅದನ್ನು ಕೊಂಡಾಡದ ವಕ್ತಾರರಿಲ್ಲ. ಮನೆಯ ಪಡಸಾಲೆಯಲ್ಲಿ ಅದನ್ನು ಬರೆಯಿಸಿ ತೂಗಹಾಕದ ಭಕ್ತರು ವಿರಳ. ಆದರೆ ಮಗಳನ್ನು ಯಾವ ವಿದ್ಯೆಗೆ ಹಚ್ಚಬೇಕು, ನೆರೆಯ ಓಣಿಯ ಹುಡುಗನು ಯಾವ ಕೆಲಸಕ್ಕೆ ತಕ್ಕವನು, ತಾಂಡಾದಿಂದ ಬಂದ ವಿದ್ಯಾರ್ಥಿಗೆ ಊರಲ್ಲಿ ಇರಲು ಕೋಣೆ ಕೊಡಬೇಕೋ ಬೇಡವೋ ಎಂಬ ಪ್ರಶ್ನೆಗಳು ಎದುರಾದಾಗ ಆ ಬರಹವು ಗೋಡೆಯನ್ನು ಬಿಟ್ಟು ಕೆಳಗೆ ಇಳಿಯುವುದಿಲ್ಲ. ತತ್ತ್ವಕ್ಕೆ ಪರೀಕ್ಷೆಯ ಕಾಲವೆಂದರೆ ಅದೇ ಅಲ್ಲವೆ? ಇಂದಿನ ಕಾಯಕಗಳಲ್ಲಿ ಬಹುಭಾಗವು ಯಂತ್ರದ ಮುಂದೆ ನಡೆಯುವಂಥದು. ಆದುದರಿಂದ ಯಂತ್ರದ ಮುಂದೆ ನಿಲ್ಲುವ ಅಧಿಕಾರವು ಯಾರಿಗೆ ಉಂಟು, ಆ ಅಧಿಕಾರವನ್ನು ಕೊಡುವ ಶಾಲೆಯಲ್ಲಿ ಯಾರು ಯಾರು ಕೂಡಿ ಕುಳಿತುಕೊಳ್ಳಬೇಕು ಎಂಬುದನ್ನು ಶರಣರ ದೃಷ್ಟಿಯಿಂದ ವಿಚಾರಿಸುವುದು ಅವಶ್ಯಕವಾಗಿದೆ.

ಈ ವಿಚಾರಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ವಿಜಯಪುರ ನಗರದಿಂದ ಪಶ್ಚಿಮಕ್ಕೆ ಅಥಣಿಯ ಹಾದಿ ಹಿಡಿದರೆ ತೊರವಿಯನ್ನು ದಾಟಿ ತಿಕೋಟಾ ದೊರೆಯುತ್ತದೆ. ನೈಋತ್ಯಕ್ಕೆ ಹೊರಟರೆ ಬಬಲೇಶ್ವರ. ಎರಡೂ ಊರುಗಳು ಈಚಿನ ವರ್ಷಗಳಲ್ಲಿ ತಾಲೂಕಿನ ಕೇಂದ್ರಗಳಾಗಿವೆ. ಆದಿಲಶಾಹಿ ಅರಸರ ಕಾಲದಲ್ಲಿ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದ ಹಾದಿಯಾಗಿ ನೀರು ತಾನಾಗಿಯೇ ಇಳಿದು ನಗರಕ್ಕೆ ಬರುತ್ತಿದ್ದಿತು. ಇಂದು ಈ ಸೀಮೆಯಲ್ಲಿ ನೀರು ಇಳಿಯುವುದಕ್ಕಿಂತ ಏರುವುದೇ ಹೆಚ್ಚು. ತುಬಚಿ–ಬಬಲೇಶ್ವರ ಏತ ನೀರಾವರಿಯು ಜಮಖಂಡಿಯ ಕಡೆಯಲ್ಲಿ ಕೃಷ್ಣಾ ನದಿಯ ನೀರನ್ನು ಎತ್ತಿ, ಒಂದು ಕಾಲಕ್ಕೆ ಮಳೆಯನ್ನೇ ನಂಬಿ ಮುಗಿಲು ನೋಡುತ್ತಿದ್ದ ಈ ನೆಲಕ್ಕೆ ತಂದಿದೆ. ತಿಕೋಟಾ ಭಾಗದ ದ್ರಾಕ್ಷಿಯ ತೋಟಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಹನಿ ನೀರಾವರಿಯ ಕೊಳವೆಗಳೂ ಕೊಳವೆಬಾವಿಯ ಪಂಪುಗಳೂ ವಿದ್ಯುತ್ತು ನಿಂತ ಕ್ಷಣಕ್ಕೆ ನಿಲ್ಲುವಂಥವು. ಇದೇ ಜಿಲ್ಲೆಯ ಆಲಮಟ್ಟಿಯಲ್ಲಿ ೨೯೦ ಮೆಗಾವಾಟಿನ ಜಲವಿದ್ಯುತ್ ಕೇಂದ್ರವೂ ಕೂಡಗಿಯಲ್ಲಿ ೨,೪೦೦ ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರವೂ ಇವೆ. ಒಟ್ಟಿನಲ್ಲಿ ಬಸವಣ್ಣನವರು ಹುಟ್ಟಿದ ನಾಡು ಇಂದು ಮೋಟಾರಿನ ನಾಡಾಗಿದೆ.

ಮೋಟಾರು ಎಂದರೆ ವಿದ್ಯುತ್ತು ಮತ್ತು ಯಂತ್ರ ಎಂಬೆರಡು ವಿದ್ಯೆಗಳ ಸಂಗಮ. ತಂತಿಯಲ್ಲಿ ಕಣ್ಣಿಗೆ ಕಾಣದೆ ಹರಿಯುವ ಶಕ್ತಿಯು ಕಬ್ಬಿಣದ ಅಚ್ಚನ್ನು ತಿರುಗಿಸಿ, ಆ ತಿರುಗುವಿಕೆಯು ನೀರನ್ನು ಎತ್ತುತ್ತದೆ. ಈ ಎರಡನ್ನೂ ಬಲ್ಲ ಕುಶಲರನ್ನು ಸಿದ್ಧಪಡಿಸುವ ಕೆಲಸವು ಪಾಲಿಟೆಕ್ನಿಕ್‌ಗಳದು ಮತ್ತು ಐಟಿಐಗಳದು. ಹತ್ತನೆಯ ತರಗತಿ ಮುಗಿಸಿದವರು ಪಾಲಿಟೆಕ್ನಿಕ್ ಸೇರಿ ಮೂರು ವರ್ಷಗಳಲ್ಲಿ ಇಲೆಕ್ಟ್ರಿಕಲ್, ಮೆಕ್ಯಾನಿಕಲ್, ಮೆಕಾಟ್ರಾನಿಕ್ಸ್ ಮೊದಲಾದ ಶಾಖೆಗಳಲ್ಲಿ ಡಿಪ್ಲೊಮಾ ಪಡೆಯಬಹುದು. ಐಟಿಐಯಲ್ಲಿ ಇಲೆಕ್ಟ್ರಿಷಿಯನ್ ಅಥವಾ ಫಿಟ್ಟರ್ ಕೆಲಸವನ್ನು ಎರಡು ವರ್ಷ ಕಲಿತವರು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಪಡೆದವರು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೂ ಪ್ರವೇಶ ಪಡೆಯುವ ಏರ್ಪಾಡಿದೆ. ಹೀಗೆ ಇದು ಬಡವನ ಮಗುವೂ ಒಂದೊಂದೇ ಮೆಟ್ಟಿಲು ಹತ್ತಬಹುದಾದ ಏಣಿಯಾಗಿದೆ. ಅಮೆರಿಕ ದೇಶದಲ್ಲಿಯೂ ಎರಡು ವರ್ಷಗಳ ಅಸೋಸಿಯೇಟ್ ಪದವಿಯೆಂಬ ಹೆಸರಿನಿಂದ ಇಂಥದೇ ಶಿಕ್ಷಣವುಂಟು. ಸೇನೆಯಿಂದ ಮರಳಿದವರೂ ಸಂಸಾರವಂತರೂ ವಲಸೆ ಬಂದವರ ಮಕ್ಕಳೂ ಅಲ್ಲಿ ಕೂಡಿ ಕಲಿಯುತ್ತಾರೆ; ಆದರೆ ಯಂತ್ರಶಾಖೆಗಳಲ್ಲಿ ಸ್ತ್ರೀಯರು ಅಲ್ಲಿಯೂ ವಿರಳರೇ. ಆದುದರಿಂದ ಈ ಪ್ರಶ್ನೆಯು ಒಂದು ಊರಿನದಲ್ಲ, ಒಂದು ಮತದ್ದೂ ಅಲ್ಲ. ಆದರೆ ಸಮತೆಯನ್ನೇ ಧರ್ಮವೆಂದು ಒಪ್ಪಿದವರಿಗೆ ಇದರ ಉತ್ತರವನ್ನು ಕೊಡುವ ಹೊಣೆಯು ಉಳಿದವರಿಗಿಂತ ಹೆಚ್ಚಿನದು.

ವಿಜಯಪುರದ ಇಂಥ ಒಂದು ತರಗತಿಯಲ್ಲಿ ಎಂಥೆಂಥ ಮಕ್ಕಳು ಕೂಡಬಲ್ಲರೆಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು. ದ್ರಾಕ್ಷಿ ತೋಟದ ಒಡೆಯನ ಮಗನು ಒಂದು ಕಡೆ. ಅದೇ ತೋಟದಲ್ಲಿ ಕೂಲಿ ಮಾಡುವವನ ಮಗನು ಅವನ ಮಗ್ಗುಲಲ್ಲಿ. ಮನೆಯಲ್ಲಿ ಉರ್ದು ಆಡುವ ನಗರದ ಹುಡುಗ, ಲಂಬಾಣಿ ನುಡಿಯಾಡುವ ತಾಂಡಾದ ಹುಡುಗ, ಮರಾಠಿ ಬೆರೆತ ಕನ್ನಡದ ಗಡಿಯೂರಿನ ಹುಡುಗ. ಸುಗ್ಗಿ ಮುಗಿದೊಡನೆ ತಂದೆತಾಯಿಗಳು ಕಬ್ಬು ಕಡಿಯಲೆಂದು ಮಹಾರಾಷ್ಟ್ರಕ್ಕೆ ಗುಳೆ ಹೋದರೆ ಅಜ್ಜಿಯೊಡನೆ ಉಳಿದು ಓದಿದವನೊಬ್ಬ. ಕಮ್ಮಾರ ಕುಲುಮೆಯಲ್ಲಿ ತಿದಿಯೊತ್ತುತ್ತ ಬೆಳೆದು, ಕಬ್ಬಿಣದ ಕೆಂಪು ಬಣ್ಣದ ಛಾಯೆಯಿಂದಲೇ ಅದರ ಕಾವನ್ನು ಬಲ್ಲವನೊಬ್ಬ. ಒಂದು ಕಾಲು ಊನವಾದರೂ ಕೈಬೆರಳುಗಳಲ್ಲಿ ಸೂಕ್ಷ್ಮತೆ ತುಂಬಿದವನೊಬ್ಬ. ಬಹುಮಂದಿ ಹುಡುಗರ ನಡುವೆ ಮೊದಲ ಬೆಂಚಿನ ಅಂಚಿನಲ್ಲಿ ಕುಳಿತ ಇಬ್ಬರೋ ಮೂವರೋ ಹುಡುಗಿಯರು. ಇವರೆಲ್ಲರ ಎದುರಿಗೆ ಒಂದೇ ಮೇಜು, ಒಂದೇ ಮೋಟಾರು, ಒಂದೇ ಪುಸ್ತಕ. ಆ ಪುಸ್ತಕದ ಭಾಷೆ ಬಹುಶಃ ಇಂಗ್ಲಿಷು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸತಕ್ಕದ್ದು. ಯಂತ್ರವು ಕುಲವನ್ನು ಕೇಳುವುದಿಲ್ಲ. ಸರಿಯಾಗಿ ತಂತಿ ಜೋಡಿಸಿದ ಕೈ ಯಾರದೇ ಆಗಲಿ, ಮೋಟಾರು ತಿರುಗುತ್ತದೆ. ತಪ್ಪಾಗಿ ಜೋಡಿಸಿದ ಕೈ ಯಾವ ಮನೆತನದ್ದೇ ಆಗಲಿ, ವಿದ್ಯುತ್ತು ಬಡಿಯುತ್ತದೆ. ಈ ಅರ್ಥದಲ್ಲಿ ಯಂತ್ರವು ಅನೇಕ ಮನುಷ್ಯರಿಗಿಂತ ಹೆಚ್ಚು ಶಿವಾಚಾರಿಯಾಗಿದೆ. ಆದರೆ ಯಂತ್ರದ ಬಳಿಗೆ ಹೋಗುವ ಹಾದಿಯು ಕುಲವನ್ನು ಕೇಳುತ್ತದೆ. ಗಂಡೋ ಹೆಣ್ಣೋ ಎಂದು ಕೇಳುತ್ತದೆ. ತಂದೆಗೆ ಎಷ್ಟು ಎಕರೆ, ಮನೆಯಲ್ಲಿ ಯಾವ ಮಾತು, ಯಾವ ಓಣಿ ಎಂದು ಕೇಳುತ್ತದೆ. ಹಾದಿಯನ್ನು ಮಾಡಿದವನು ಮನುಷ್ಯನು. ಆದುದರಿಂದ ದೋಷವು ಯಂತ್ರದ್ದಲ್ಲ, ಹಾದಿಯದು; ತಿದ್ದಬೇಕಾದುದೂ ಹಾದಿಯನ್ನೇ.

ಪಂಚಾಚಾರಗಳಲ್ಲಿ ಶಿವಾಚಾರವೆಂಬುದು ಶಿವಭಕ್ತರಲ್ಲಿ ಕುಲಭೇದವನ್ನು ಎಣಿಸದೆ ಸಮಭಾವದಿಂದ ವರ್ತಿಸುವುದನ್ನು ವಿಧಿಸುತ್ತದೆ. ಸದಾಚಾರವು ಸತ್ಯಶುದ್ಧವಾದ ಕಾಯಕದಿಂದ ಗಳಿಸಿ ದಾಸೋಹ ಮಾಡುವುದನ್ನು ವಿಧಿಸುತ್ತದೆ. ಈ ಎರಡು ಆಚಾರಗಳು ಬೇರೆ ಬೇರೆಯಲ್ಲ. ದುಡಿಯುವ ದಾರಿ ಒಬ್ಬನಿಗೆ ಮುಚ್ಚಿದ್ದರೆ ಅವನಿಗೆ ಸದಾಚಾರವೇ ಅಸಾಧ್ಯವಾಗುತ್ತದೆ. ದಾರಿ ಮುಚ್ಚಿದವನಿಗೆ ಶಿವಾಚಾರವು ಭಂಗವಾಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಬಾಚಿಕಾಯಕದ ಬಸವಯ್ಯ ಎಂದು ಶರಣರು ತಮ್ಮ ಉಪಕರಣವನ್ನೋ ಉದ್ಯೋಗವನ್ನೋ ಹೆಸರಿನೊಡನೆ ಧರಿಸಿದ್ದು ಬಿರುದಿನಂತೆ. ಬಾಚಿ ಹಿಡಿದ ಕೈ, ಹಗ್ಗ ಹೊಸೆದ ಕೈ, ಹುಟ್ಟು ಹಾಕಿದ ಕೈ ಅನುಭವಗೋಷ್ಠಿಯಲ್ಲಿ ಮಂತ್ರಿಯ ಕೈಗೆ ಸಮನಾಯಿತು. ಆದರೆ ಕಾಲಾಂತರದಲ್ಲಿ ಏನಾಯಿತು? ಆ ಬಿರುದುಗಳೇ ಮರಳಿ ಜಾತಿಯ ಹೆಸರುಗಳಾದವು. ಕಾಯಕವು ಬಾಗಿಲಾಗಬೇಕಾದಲ್ಲಿ ಗೋಡೆಯಾಯಿತು. ಶರಣರು ಉದ್ಯೋಗದಿಂದ ಕುಲದ ಕಳಂಕವನ್ನು ತೊಳೆದರು. ಮುಂದಿನವರು ಅದೇ ಉದ್ಯೋಗವನ್ನು ಕುಲದ ಗುರುತು ಮಾಡಿದರು. ಈ ಚರಿತ್ರೆಯನ್ನು ನೆನೆದರೆ, ಯಂತ್ರಕಾಯಕವೆಂಬ ಹೊಸ ಬಾಗಿಲಿಗೂ ಅದೇ ಗತಿ ಬಾರದಂತೆ ನೋಡಿಕೊಳ್ಳುವುದು ಎಷ್ಟು ಅಗತ್ಯವೆಂಬುದು ತಿಳಿಯುತ್ತದೆ.

ಇಲ್ಲಿ ಕೆಲವು ಪೂರ್ವಪಕ್ಷಗಳು ಬರುತ್ತವೆ. ಅವುಗಳನ್ನು ಅಲ್ಲಗಳೆಯದೆ, ಅವುಗಳಲ್ಲಿರುವ ಸತ್ಯಾಂಶವನ್ನು ಒಪ್ಪಿ ಸಮಾಧಾನ ಹೇಳುವುದು ಯುಕ್ತ.

ಮೊದಲನೆಯ ಪೂರ್ವಪಕ್ಷವು ಇದು: ಅವರವರ ಮನೆತನದ ಕಾಯಕವನ್ನು ಅವರವರು ಮಾಡಿಕೊಂಡು ಹೋಗುವುದೇ ಲೇಸು, ವಂಶದಿಂದ ಬಂದ ಕೌಶಲವು ಶಾಲೆಯಿಂದ ಬರಲಾರದು. ಇದರಲ್ಲಿ ಅರ್ಧ ಸತ್ಯವಿದೆ. ಕುಲುಮೆಯ ಮಗನ ಕೈಗೆ ಕಬ್ಬಿಣವು ಬೇಗ ಒಲಿಯುವುದು ನಿಜ. ಆದರೆ ಒಲಿದದ್ದು ಬಾಲ್ಯದ ಅಭ್ಯಾಸದಿಂದ, ರಕ್ತದಿಂದಲ್ಲ. ಶರಣರಲ್ಲಿ ಕಾಯಕವು ಜನ್ಮದಿಂದ ಕಟ್ಟಿದ ಹಗ್ಗವಾಗಿರಲಿಲ್ಲ. ಮೋಳಿಗೆಯ ಮಾರಯ್ಯನವರು ಅರಸುತನವನ್ನು ಬಿಟ್ಟು ಬಂದು ಕಟ್ಟಿಗೆಯ ಹೊರೆ ಹೊತ್ತರೆಂದು ಪರಂಪರೆಯು ಹೇಳುತ್ತದೆ. ಸಿಂಹಾಸನದಿಂದ ಕಟ್ಟಿಗೆಯ ಹೊರೆಗೆ ಬರುವುದು ಧರ್ಮವಾದರೆ, ಕಟ್ಟಿಗೆಯ ಹೊರೆಯಿಂದ ವಿದ್ಯುತ್ ಕೇಂದ್ರಕ್ಕೆ ಹೋಗುವುದು ಅಧರ್ಮವಾದೀತೆ? ಅಷ್ಟೇ ಅಲ್ಲ, ಹಿರಿಯ ಮನೆತನದ ಹುಡುಗನು ಲೇತ್ ಯಂತ್ರದ ಮುಂದೆ ನಿಂತು ಕೈ ಕಪ್ಪು ಮಾಡಿಕೊಳ್ಳುವುದಕ್ಕೆ ನಾಚುವುದೂ ಇದೇ ರೋಗದ ಇನ್ನೊಂದು ಮುಖ. ಅಂಕಗಳು ಬಂದವನು ಕುರ್ಚಿಯ ಇಂಜಿನಿಯರನಾಗಬೇಕು, ಬಾರದವನು ಡಿಪ್ಲೊಮಾಕ್ಕೆ ಹೋಗಲಿ, ಅದಕ್ಕೂ ತಕ್ಕವನಲ್ಲದವನು ಐಟಿಐ ಸೇರಲಿ ಎಂದು ಭಕ್ತರ ಮನೆಗಳಲ್ಲಿಯೂ ಮಾತಾಡುವುದುಂಟು. ಕೈಕೆಲಸವನ್ನು ಕೊನೆಯ ಗತಿಯೆಂದು ಎಣಿಸುವ ಮನೆಯಲ್ಲಿ ಕಾಯಕತತ್ತ್ವದ ಪಟವಿದ್ದು ಏನು ಪ್ರಯೋಜನ?

ಎರಡನೆಯ ಪೂರ್ವಪಕ್ಷವು ಅರ್ಹತೆಯದು. ಎಲ್ಲರನ್ನೂ ಕೂಡಿಸಿಕೊಂಡರೆ ವಿದ್ಯೆಯ ಮಟ್ಟವು ಇಳಿಯುತ್ತದೆ, ಯಂತ್ರವು ದಯೆ ತೋರಿಸುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಯಂತ್ರವು ದಯೆ ತೋರಿಸದೆಂಬುದು ಅಕ್ಷರಶಃ ಸತ್ಯ. ಆದುದರಿಂದಲೇ ಒಳಗೆ ಬರುವ ಬಾಗಿಲು, ಹೊರಗೆ ಹೋಗುವ ಬಾಗಿಲು ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಹೊರಗೆ ಹೋಗುವ ಬಾಗಿಲಿನಲ್ಲಿ ಅಳತೆಯು ಒಂದೇ ಇರತಕ್ಕದ್ದು. ಕಂಬ ಹತ್ತುವ ಮೊದಲು ವಿದ್ಯುತ್ತು ನಿಂತಿದೆಯೆಂದು ಪರೀಕ್ಷಿಸಬೇಕು, ಭೂಸಂಪರ್ಕವನ್ನು ಸರಿಯಾಗಿ ಕೊಡಬೇಕು, ತಿರುಗುವ ಅಚ್ಚಿನ ಹತ್ತಿರ ಸಡಿಲ ವಸ್ತ್ರ ಕೂಡದು: ಈ ನಿಯಮಗಳಲ್ಲಿ ಬಡವನಿಗೆ ರಿಯಾಯಿತಿ ಕೊಟ್ಟರೆ ಅದು ದಯೆಯಲ್ಲ, ಅವನ ಕೊಲೆ. ಆದರೆ ಒಳಗೆ ಬರುವ ಬಾಗಿಲಿನ ಮಾತು ಬೇರೆ. ಹತ್ತನೆಯ ತರಗತಿಯ ಅಂಕಪಟ್ಟಿಯು ಹುಡುಗನು ಎಲ್ಲಿಗೆ ತಲುಪಿದನೆಂದು ಹೇಳುತ್ತದೆಯೇ ಹೊರತು ಎಲ್ಲಿಂದ ಹೊರಟನೆಂದು ಹೇಳುವುದಿಲ್ಲ. ಮನೆಪಾಠದ ನೆರವಿನಿಂದ ಎಂಬತ್ತು ಅಂಕ ತಂದವನು, ಸುಗ್ಗಿಯಲ್ಲಿ ಕೂಲಿ ಮಾಡುತ್ತ ಐವತ್ತೈದು ತಂದವನು, ಇವರಿಬ್ಬರಲ್ಲಿ ಮುಂದಿನ ಮೂರು ವರ್ಷಗಳಲ್ಲಿ ಹೆಚ್ಚು ಕಲಿಯುವವನು ಯಾರೆಂದು ಆ ಕಾಗದವು ನುಡಿಯಲಾರದು. ಬರುವಾಗ ನೆರವು, ಹೋಗುವಾಗ ನಿಷ್ಠುರತೆ. ನಡುವೆ ಗುರುವಿನ ಶ್ರಮ. ಇದೇ ಅರ್ಹತೆಯ ಸರಿಯಾದ ಅರ್ಥ. ದೀಕ್ಷೆಗೆ ಬಂದವನ ಪೂರ್ವಾಶ್ರಯವನ್ನು ಗುರುವು ಕಳೆಯುವನು. ಆದರೆ ಆಚಾರದಲ್ಲಿ ಸಡಿಲಿಕೆಯನ್ನು ಕೊಡುವುದಿಲ್ಲ. ಶಾಲೆಯ ಗುರುವಿಗೂ ಈ ನ್ಯಾಯವೇ ಸಲ್ಲುತ್ತದೆ.

ಗುರುವಿನ ಶ್ರಮದಲ್ಲಿ ಭಾಷೆಯ ಶ್ರಮವು ದೊಡ್ಡದು. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಹುಡುಗನು ಮೋಟಾರಿನ ಮರ್ಮವನ್ನು ಅರಿಯಲಾರದವನಲ್ಲ; ಮರ್ಮವನ್ನು ಮುಚ್ಚಿಕೊಂಡಿರುವ ಇಂಗ್ಲಿಷಿನ ಹೊದಿಕೆಯನ್ನು ತೆಗೆಯಲಾರದವನು. ೨೦೨೧ರಲ್ಲಿ ರಾಜ್ಯದ ಕೆಲವು ಕಾಲೇಜುಗಳು ಇಂಜಿನಿಯರಿಂಗ್ ವಿದ್ಯೆಯನ್ನು ಕನ್ನಡದಲ್ಲಿಯೇ ಕಲಿಸಲು ಮುಂದೆ ಬಂದರೂ ಸೇರುವವರು ವಿರಳರಾದರು; ಕನ್ನಡದಲ್ಲಿ ಕಲಿತರೆ ಕೆಲಸ ಸಿಕ್ಕೀತೆ ಎಂಬ ಅಂಜಿಕೆಯು ತಂದೆತಾಯಿಗಳನ್ನು ಬಿಡಲಿಲ್ಲ. ಆ ಅಂಜಿಕೆಯು ಇರುವವರೆಗೆ ಮಧ್ಯಮಾರ್ಗವೊಂದುಂಟು. ಅರ್ಥವನ್ನು ಮೊದಲು ಕನ್ನಡದಲ್ಲಿ ತಿಳಿಸಿ, ಕೈಯಿಂದ ಮಾಡಿಸಿ, ಆಮೇಲೆ ಅದರ ಇಂಗ್ಲಿಷ್ ಹೆಸರನ್ನು ಕೊಡುವುದು. ದೇವಭಾಷೆಯಲ್ಲಿ ಅಡಗಿದ್ದ ತತ್ತ್ವವನ್ನು ಶರಣರು ತಿಳಿಗನ್ನಡಕ್ಕೆ ಇಳಿಸಿದ್ದು ಜನರು ಜಡರೆಂದಲ್ಲ, ಭಾಷೆಯು ಬಾಗಿಲನ್ನು ಮುಚ್ಚಬಾರದೆಂದು. ಪಾಠ ಹೇಳುವವರು ಈ ಮೇಲ್ಪಂಕ್ತಿಯನ್ನು ಮರೆಯಬಾರದು.

ಮೂರನೆಯ ಪೂರ್ವಪಕ್ಷವು ಎಲ್ಲಕ್ಕಿಂತ ಬಲವಾದುದು. ಏಕೆಂದರೆ ಅದು ತರ್ಕದಲ್ಲಿ ಹುಟ್ಟದೆ ಮನೆಯ ಒಳಗೆ ಹುಟ್ಟುತ್ತದೆ. ತಿಕೋಟಾದ ಒಂದು ಭಕ್ತರ ಮನೆಯನ್ನು ಊಹಿಸಿಕೊಳ್ಳಬಹುದು. ಹುಡುಗಿಯು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದು ಇಲೆಕ್ಟ್ರಿಕಲ್ ಡಿಪ್ಲೊಮಾ ಸೇರಬೇಕೆನ್ನುತ್ತಾಳೆ. ಅಜ್ಜಿಯು, “ಹೆಣ್ಣಮಗಳು ಎಣ್ಣಿ ಗ್ರೀಸು ಬಡಕೊಂಡ ಮನೀಗೆ ಬಂದರ ಮಂದಿ ಏನಂದಾರು?” ಎನ್ನುತ್ತಾಳೆ. ತಂದೆಯು ಸುಮ್ಮನಿರುತ್ತಾನೆ. ಆಗ ಹುಡುಗಿಯು, “ಅಪ್ಪಾ, ನಡುರಾತ್ರ್ಯಾಗ ಕರೆಂಟ್ ಬಂದಾಗ ಮೋಟಾರ ಚಾಲೂ ಮಾಡಾಕ ನನ್ನ ಎಬ್ಬಸ್ತಿ, ಅದನ್ನ ಕಲಿಯಾಕ ಹೊಕ್ಕೀನಂದ್ರ ಬ್ಯಾಡಂತಿ. ಇದ್ಯಾವ ನ್ಯಾಯ?” ಎಂದು ಕೇಳುತ್ತಾಳೆ. ಈ ಮಾತಿಗೆ ತಂದೆಯ ಬಳಿ ಉತ್ತರವಿಲ್ಲ. ದುಡಿಮೆಗೆ ಬೇಕಾದ ಕೈಯು ವಿದ್ಯೆಗೆ ಬೇಡವೆಂದರೆ ಅದು ಕಾಯಕವಲ್ಲ, ಬಿಟ್ಟಿ.

ಶರಣರ ಕಾಲದಲ್ಲಿಯೇ ಸ್ತ್ರೀಯು ಯಂತ್ರದ ಮುಂದೆ ಕುಳಿತುಕೊಂಡಿದ್ದಳು. ಕದಿರ ರೆಮ್ಮವ್ವೆಯವರು ನೂಲುವ ರಾಟೆಯ ಅಂಗಾಂಗಗಳನ್ನೇ ತತ್ತ್ವಕ್ಕೆ ಸಂಕೇತ ಮಾಡಿ ವಚನ ನುಡಿದವರು. ಕೊಟ್ಟಣದ ಸೋಮಮ್ಮನವರು ಭತ್ತ ಕುಟ್ಟುವ ಕಾಯಕದವರು. ಆಯ್ದಕ್ಕಿ ಲಕ್ಕಮ್ಮನವರು, ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಹೇಳಿ ಕಾಯಕದ ಅಳತೆಯನ್ನು ಕಲಿಸಿದವರು. ಕಾಯಕದ ಶುದ್ಧಿಯನ್ನು ಗಂಡನಿಗೆ ಕಲಿಸಬಲ್ಲವಳು ಕಾಯಕದ ವಿದ್ಯೆಯನ್ನು ತಾನು ಕಲಿಯಲಾರಳೇ? ಈಚಿನ ಕಾಲದ ದೃಷ್ಟಾಂತವೂ ಇದೆ. ಎ. ಲಲಿತಾ ಎಂಬಾಕೆ ಹದಿನೆಂಟು ವರ್ಷಕ್ಕೆ ವಿಧವೆಯಾಗಿ, ಪುಟ್ಟ ಮಗುವಿನ ತಾಯಿಯಾಗಿದ್ದೂ ಮುಂದೆ ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜನ್ನು ಸೇರಿ, ೧೯೪೩ರಲ್ಲಿ ವಿದ್ಯುತ್ ಶಾಖೆಯ ಶಿಕ್ಷಣ ಮುಗಿಸಿದರು. ಆ ಕಾಲೇಜಿನ ಅಚ್ಚಾದ ಪ್ರಮಾಣಪತ್ರದಲ್ಲಿ ವಿದ್ಯಾರ್ಥಿಯನ್ನು ‘ಅವನು’ ಎಂದೇ ಅಚ್ಚು ಹಾಕಿದ್ದುದರಿಂದ, ಅದನ್ನು ಹೊಡೆದು ಕೈಯಿಂದ ‘ಅವಳು’ ಎಂದು ಬರೆದುಕೊಡಬೇಕಾಯಿತು. ಒಂದು ಅಕ್ಷರದ ಆ ತಿದ್ದುಪಡಿಯಲ್ಲಿ ಒಂದು ಯುಗದ ತಿದ್ದುಪಡಿ ಅಡಗಿದೆ. ಅದೇ ಲಲಿತಾ ೧೯೬೪ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಮಹಿಳಾ ಇಂಜಿನಿಯರುಗಳ ಮತ್ತು ವಿಜ್ಞಾನಿಗಳ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಭಾಗವಹಿಸಿದರು. ವಿಧವೆಯ ಮುಖವನ್ನು ಶುಭಕಾರ್ಯದಲ್ಲಿ ನೋಡಬಾರದೆಂದಿದ್ದ ಸಮಾಜದೊಳಗಿಂದಲೇ ಆಕೆಯು ವಿದ್ಯುದ್ದೀಪಗಳ ವಿದ್ಯೆಗೆ ಒಡತಿಯಾದುದನ್ನು ಭಕ್ತರು ನೆನೆಯಬೇಕು.

ತಂದೆಯ ಅಂಜಿಕೆಯೆಲ್ಲವೂ ಸುಳ್ಳಲ್ಲ. ಸಂಜೆಯ ಬಸ್ಸು ತಪ್ಪಿದರೆ ಏನು ಗತಿ, ಕಾರ್ಯಶಾಲೆಯಲ್ಲಿ ಹುಡುಗಿಯರಿಗೆ ಬೇರೆ ಶೌಚಾಲಯವುಂಟೋ ಇಲ್ಲವೋ, ನಗರದಲ್ಲಿ ಇಳಿದುಕೊಳ್ಳಲು ಯೋಗ್ಯ ಸ್ಥಳವುಂಟೋ ಎಂಬ ಚಿಂತೆಗಳು ನ್ಯಾಯವಾದವು. ಆದರೆ ಹಾದಿಯಲ್ಲಿ ಮುಳ್ಳಿದ್ದರೆ ಮುಳ್ಳನ್ನು ತೆಗೆಯಬೇಕೇ ಹೊರತು ಪಾದವನ್ನು ಕಟ್ಟಿಹಾಕಬಾರದು. ಕೆಲವು ಮುಳ್ಳುಗಳು ಈಗಾಗಲೇ ಕಡಿಮೆಯಾಗಿವೆ. ೨೦೨೩ರ ಜೂನ್ ತಿಂಗಳಿಂದ ಶಕ್ತಿ ಯೋಜನೆಯ ಮೂಲಕ ರಾಜ್ಯದ ಸ್ತ್ರೀಯರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಿರುವುದರಿಂದ, ಬಬಲೇಶ್ವರದ ಹುಡುಗಿಯು ವಿಜಯಪುರಕ್ಕೆ ಹೋಗಿಬರುವುದಕ್ಕೆ ತಂದೆಯ ಕೈಯ ಕಾಸನ್ನು ನೋಡಬೇಕಾಗಿಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಪ್ರಗತಿ ವಿದ್ಯಾರ್ಥಿವೇತನವು ಡಿಪ್ಲೊಮಾ ಓದುವ ಆಯ್ದ ಹೆಣ್ಣುಮಕ್ಕಳಿಗೆ ವರ್ಷಕ್ಕೆ ೫೦,೦೦೦ ರೂಪಾಯಿಗಳನ್ನೂ, ಸಕ್ಷಮ ವಿದ್ಯಾರ್ಥಿವೇತನವು ಅಂಗವಿಕಲ ವಿದ್ಯಾರ್ಥಿಗಳಿಗೆ ಅಷ್ಟನ್ನೇ ಕೊಡುತ್ತವೆ. ೨೦೧೬ರ ಕಾಯಿದೆಯು ಸರಕಾರದ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅಂಗವೈಕಲ್ಯವುಳ್ಳವರಿಗೆ ಶೇಕಡಾ ೫ಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ಮೀಸಲಿರಿಸಿದೆ. ಸರಕಾರವು ಮಾಡಬಹುದಾದುದನ್ನು ಸ್ವಲ್ಪ ಮಾಡಿದೆ. ಆದರೆ ಸರಕಾರದ ಕಾಯಿದೆಯು ಮನೆಯ ಹೊಸ್ತಿಲವರೆಗೆ ಬರಬಲ್ಲುದು. ಹೊಸ್ತಿಲ ಒಳಗಿನ ಕಾಯಿದೆಯನ್ನು ಬರೆಯುವವರು ಮನೆಯವರೇ.

ಇನ್ನು ಸಮತೆಯ ನಿಜವಾದ ಅರ್ಥವೇನೆಂಬುದನ್ನು ವಿಚಾರಿಸಬೇಕು. ಎಲ್ಲರಿಗೂ ಒಂದೇ ಅಳತೆಯ ಬಟ್ಟೆ ಹೊಲಿದರೆ ಅದು ಸಮತೆಯಾಗದು. ಇದಕ್ಕೆ ಮೋಟಾರಿನಲ್ಲಿಯೇ ಒಂದು ದೃಷ್ಟಾಂತವುಂಟು; ಈ ಸೀಮೆಯ ಒಕ್ಕಲುಮಕ್ಕಳಿಗೆಲ್ಲ ಅದು ಪರಿಚಿತವಾದುದೇ. ಹೊಲದ ಪಂಪಿಗೆ ಮೂರು ಫೇಸಿನ ವಿದ್ಯುತ್ತು ಬರುತ್ತದೆ. ಆ ಮೂರು ಪ್ರವಾಹಗಳ ಬಲವು ಸಮ. ಆದರೆ ಅವು ಒಂದೇ ಹೊತ್ತಿಗೆ ಏರಿ ಒಂದೇ ಹೊತ್ತಿಗೆ ಇಳಿಯುವುದಿಲ್ಲ. ಒಂದು ಆವರ್ತನೆಯ ಮೂರನೆಯ ಒಂದು ಭಾಗದಷ್ಟು ಒಂದರ ಹಿಂದೆ ಒಂದು ಬರುತ್ತವೆ. ಹಾಗೆ ಬೇರೆ ಬೇರೆಯಾಗಿ ಬರುವುದರಿಂದಲೇ ಮೋಟಾರಿನೊಳಗೆ ಸುತ್ತುವ ಕಾಂತಕ್ಷೇತ್ರವು ಹುಟ್ಟಿ ಅಚ್ಚು ತಿರುಗುತ್ತದೆ. ಮೂರೂ ಒಂದೇ ತಾಳಕ್ಕೆ ಏರಿ ಇಳಿದಿದ್ದರೆ ಸುತ್ತುವ ಕ್ಷೇತ್ರವು ಹುಟ್ಟುತ್ತಲೇ ಇರಲಿಲ್ಲ. ಇನ್ನು, ಮೂರರಲ್ಲಿ ಒಂದು ಫೇಸು ತಪ್ಪಿಹೋದರೆ ಏನಾಗುವುದೆಂಬುದು ರೈತನಿಗೆ ಗೊತ್ತು. ನಿಂತ ಮೋಟಾರು ಗುಂಯ್ ಎನ್ನುತ್ತದೆಯೇ ಹೊರತು ಏಳುವುದಿಲ್ಲ; ತಿರುಗುತ್ತಿದ್ದುದಾದರೆ ಉಳಿದ ಎರಡರ ಮೇಲೆ ಭಾರ ಬಿದ್ದು ಸುರುಳಿಯು ಸುಟ್ಟುಹೋಗುತ್ತದೆ. ಬಲದಲ್ಲಿ ಸಮತೆ, ಬರುವ ಬಗೆಯಲ್ಲಿ ವೈವಿಧ್ಯ, ಎಲ್ಲರ ಗುರಿ ಒಂದೇ ಸುತ್ತು: ಸಮಾಜವು ತಿರುಗುವುದೂ ಹೀಗೆಯೇ. ಕೆಲವರನ್ನು ಹೊರಗಿಟ್ಟ ಸಮಾಜವು ಕೆಲಕಾಲ ಗುಂಯ್ ಎನ್ನಬಹುದು, ನೀರನ್ನು ಎತ್ತಲಾರದು.

ತರಗತಿಯಲ್ಲಿ ಈ ಮಾತು ಅನುಭವಕ್ಕೆ ಬರುತ್ತದೆ. ತೋಟದಿಂದ ಬಂದವನಿಗೆ ಪಂಪು ಏಕೆ ನೀರನ್ನು ಬಿಟ್ಟುಬಿಡುತ್ತದೆಂಬುದು ಗೊತ್ತು. ಕುಲುಮೆಯಿಂದ ಬಂದವನಿಗೆ ಲೋಹದ ಸ್ವಭಾವ ಗೊತ್ತು. ನಗರದವನಿಗೆ ಕಂಪ್ಯೂಟರು ಗೊತ್ತು. ಲೆಕ್ಕದಲ್ಲಿ ಜಾಣೆಯಾದ ಹುಡುಗಿಗೆ ಸೂತ್ರದ ಹಿಂದಿನ ಕಾರಣ ಗೊತ್ತು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ. ಒಂದೇ ಓಣಿಯಿಂದ ಬಂದ ಮೂವತ್ತು ಜನರಿಗೆ ಒಂದೇ ತಪ್ಪು ಕಾಣದೆ ಹೋಗಬಹುದು. ಅನುಭವಗೋಷ್ಠಿಯಲ್ಲಿ ಅಂಬಿಗನೂ ಹಡಪದವನೂ ಹಗ್ಗ ಹೊಸೆಯುವವನೂ ಅರಸಿನ ಭಂಡಾರಿಯೂ ಕೂಡಿದ್ದು ಕೇವಲ ದಯೆಯಿಂದಲ್ಲ. ಒಬ್ಬರ ಅನುಭವವಿಲ್ಲದೆ ಇನ್ನೊಬ್ಬರ ಅರಿವು ಪೂರ್ಣವಾ��ದೆಂಬ ತಿಳಿವಿನಿಂದ.

ವಿಜಯಪುರದ ಭಕ್ತರಿಗೆ ಈ ವಿಷಯದಲ್ಲಿ ಒಬ್ಬ ಹಿರಿಯರ ನೆನಪು ಸಾಕು. ಫ. ಗು. ಹಳಕಟ್ಟಿಯವರು ಈ ನಗರದಲ್ಲಿ ವಕೀಲರಾಗಿದ್ದು, ೧೯೧೦ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ವಚನಗಳ ಪ್ರಕಟಣೆಗಾಗಿ ಇದ್ದ ಮನೆಯನ್ನೂ ಮಾರಿದರೆಂಬುದು ಪ್ರಸಿದ್ಧ. ತಾಳೆಗರಿಯ ಕಟ್ಟುಗಳಲ್ಲಿ ಉಳಿದಿದ್ದ ಶರಣವಾಣಿಯು ಮನೆಮನೆಗೆ ತಲುಪಿದ್ದು ಒಂದು ಯಂತ್ರದ ಮೂಲಕ ಎಂಬುದನ್ನು ಮರೆಯಬಾರದು. ಮೊಳೆ ಜೋಡಿಸಿದ ಕೈಗಳು, ಮಸಿ ಬಳಿದ ಕೈಗಳು, ಚಕ್ರ ತಿರುಗಿಸಿದ ಕೈಗಳು ಇಲ್ಲದಿದ್ದರೆ ಇಂದು ವಚನವನ್ನು ಪಠಿಸುವ ಬಾಯಿಗಳಿಗೆ ವಚನವೇ ದೊರೆಯುತ್ತಿರಲಿಲ್ಲ. ಆ ಕೈಗಳ ಕುಲವನ್ನು ಯಾರು ಕೇಳಿದರು? ಕೇಳದೆ ಅವರ ಫಲವನ್ನು ಉಂಡವರು, ಇಂದು ಯಂತ್ರ ಕಲಿಯಬಂದವನ ಕುಲವನ್ನು ಕೇಳುವುದು ಕೃತಘ್ನತೆಯಲ್ಲವೆ?

ಕುಲವನ್ನು ಕೇಳುವುದು ಶಾಲೆಯಲ್ಲಿ ಅಲ್ಲ. ಶಾಲೆಯಲ್ಲಿ ಅದಕ್ಕೆ ಕಾಯಿದೆಯ ತಡೆಯಿದೆ. ಕೇಳುವುದು ಬಾಡಿಗೆಯ ಕೋಣೆಯ ಬಾಗಿಲಿನಲ್ಲಿ. ಹಳ್ಳಿಯಿಂದಲೋ ತಾಂಡಾದಿಂದಲೋ ಬಂದ ವಿದ್ಯಾರ್ಥಿಯು ಪೆಟ್ಟಿಗೆ ಹೊತ್ತುಕೊಂಡು ನಗರದ ಓಣಿಗಳಲ್ಲಿ ಕೋಣೆ ಹುಡುಕುವಾಗ, ಊರು ಯಾವುದೆಂಬ ಮೊದಲ ಪ್ರಶ್ನೆಯ ಹಿಂದೆಯೇ ಎರಡನೆಯ ಪ್ರಶ್ನೆಯೊಂದು ಬರುವುದುಂಟು. ಬೆಳಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿದ ಮನೆಯೊಡೆಯನು ಮಧ್ಯಾಹ್ನ ಅದೇ ಅಂಗೈಯಿಂದ ಬಾಗಿಲನ್ನು ಮುಚ್ಚಿದರೆ, ಆ ಪೂಜೆಯು ಎಲ್ಲಿಗೆ ಹೋಯಿತು? ಕೋಣೆ ಸಿಕ್ಕದೆ, ದಿನವೂ ಎರಡು ಬಸ್ಸು ಬದಲಿಸಿ ಬರಲಾರದೆ, ಎರಡನೆಯ ಸೆಮಿಸ್ಟರಿನಲ್ಲಿಯೇ ಶಾಲೆ ಬಿಟ್ಟು ಹೋಗುವ ಹುಡುಗನ ಹೆಸರು ಯಾವ ವರದಿಯಲ್ಲಿಯೂ ಆ ಮನೆಯೊಡೆಯನ ಲೆಕ್ಕಕ್ಕೆ ಬರೆಯಲ್ಪಡುವುದಿಲ್ಲ. ಆದರೆ ಶಿವನ ಲೆಕ್ಕದಲ್ಲಿ ಅದು ಬಾರದೆ ಇದ್ದೀತೆ? ಕಲ್ಯಾಣದಲ್ಲಿ ಹರಳಯ್ಯ–ಮಧುವರಸರು ಮಕ್ಕಳ ವಿವಾಹದ ಮೂಲಕ ಕುಲದ ಗೋಡೆಯನ್ನು ಒಡೆದು ಪ್ರಾಣವನ್ನೇ ತೆತ್ತರು. ಇಂದಿನ ಭಕ್ತನಿಂದ ಪ್ರಾಣವನ್ನು ಯಾರೂ ಬೇಡುತ್ತಿಲ್ಲ. ಒಂದು ಕೋಣೆಯ ಬೀಗದ ಕೈಯನ್ನು ಬೇಡುತ್ತಿದ್ದಾರೆ.

ಮಠಗಳ ಹೊಣೆಯೂ ಸಣ್ಣದಲ್ಲ. ಉತ್ತರ ಕರ್ನಾಟಕದಲ್ಲಿ ಮಠಗಳ ಪ್ರಸಾದನಿಲಯಗಳು ಇಲ್ಲದಿದ್ದರೆ ಕಳೆದ ಶತಮಾನದಲ್ಲಿ ಎಷ್ಟೋ ಬಡ ಮಕ್ಕಳಿಗೆ ಅಕ್ಷರವೇ ದೊರೆಯುತ್ತಿರಲಿಲ್ಲ. ಜೋಳಿಗೆ ಹಿಡಿದು ಊರೂರು ತಿರುಗಿದ ಸ್ವಾಮಿಗಳ ಋಣವನ್ನು ಈ ನಾಡು ತೀರಿಸಲಾರದು. ಆ ದಾಸೋಹದ ಪಂಕ್ತಿಯು ಇಂದು ಇನ್ನಷ್ಟು ಉದ್ದವಾಗಬೇಕು. ಯಂತ್ರವಿದ್ಯೆಯ ವಿದ್ಯಾರ್ಥಿಗಳಿಗೆ, ಅದರಲ್ಲಿಯೂ ಹಳ್ಳಿಯ ಹೆಣ್ಣುಮಕ್ಕಳಿಗೆ, ಯಾವ ಕುಲ ಯಾವ ಮತವೆಂದು ಕೇಳದೆ ಇರಲು ಸ್ಥಳ, ಸಂಜೆಯ ಪಾಠ, ಉಪಕರಣಗಳ ನೆರವು ದೊರೆತರೆ ಅದು ಮಹಾದಾಸೋಹ. ಅದನ್ನು ಕೊಡುವಾಗ ಕೊಡುವವನಲ್ಲಿ ಭೃತ್ಯಾಚಾರವಿರಬೇಕು. ಪಡೆಯುವವನ ತಲೆಯು ತಗ್ಗುವಂತೆ ಕೊಟ್ಟ ದಾನವು ದಾಸೋಹವಾಗದು.

ತಿಕೋಟಾದ ಆ ಹುಡುಗಿಯ ಪ್ರಶ್ನೆಯು ಇನ್ನೂ ಉತ್ತರಕ್ಕಾಗಿ ಕಾದಿದೆ. ಅದಕ್ಕೆ ಶಾಸ್ತ್ರದಲ್ಲಿ ಉತ್ತರ ಹುಡುಕಬೇಕಾಗಿಲ್ಲ. ಪ್ರವೇಶದ ಅರ್ಜಿಗೆ ತಂದೆಯು ರುಜು ಹಾಕಿದರೆ ಅದೇ ಉತ್ತರ. ತಾಂಡಾದ ಹುಡುಗನಿಗೆ ಉಪನ್ಯಾಸ ಬೇಕಾಗಿಲ್ಲ. ಮನೆಯೊಡೆಯನು ಎರಡನೆಯ ಪ್ರಶ್ನೆಯನ್ನು ಕೇಳದೆ ಬಾಗಿಲು ತೆರೆದರೆ ಅದೇ ಉತ್ತರ. ಮೂರು ವರ್ಷಗಳ ಮೇಲೆ, ಬೇಸಗೆಯ ಒಂದು ರಾತ್ರಿ, ಬಬಲೇಶ್ವರದ ಹೊಲದಲ್ಲಿ ನಿಂತುಹೋದ ಪಂಪನ್ನು ಅವರಿಬ್ಬರಲ್ಲಿ ಒಬ್ಬರು ಬಂದು ನಡೆಯಿಸಿದಾಗ, ಏರಿ ಬಂದ ಕೃಷ್ಣೆಯ ನೀರು ಯಾರ ಕೈಯಿಂದ ಬಂದಿತೆಂದು ಬೆಳೆಯು ಕೇಳುವುದಿಲ್ಲ. ಬೆಳೆಯು ಕೇಳದುದನ್ನು, ಯಂತ್ರವು ಕೇಳದುದನ್ನು, ಶಿವನು ಕೇಳದುದನ್ನು ಭಕ್ತನೂ ಕೇಳದಿರುವುದೇ ಕಾಯಕದ ಸಮತೆ.